ಒಂದು ಕಂಪೈಲರ್‌ನಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು: ಬೈನರಿ ಫೈಲ್ ಓದುವಾಗಿನ ದೋಷಗಳನ್ನು ಪತ್ತೆ ಹಚ್ಚುವ ಕ್ರಮ

ಸಿ ಅಥವಾ ಸಿ++ ಭಾಷೆಯ ಒಂದು ಪ್ರೋಗ್ರಾಂ ಲಿನಕ್ಸ್‌ನಲ್ಲಿ ಜಿಸಿಸಿಯಿಂದ ಕಂಪೈಲ್ ಆದಾಗ ಬೈನರಿ ಫೈಲನ್ನು ಚೆನ್ನಾಗಿಯೇ ಓದುತ್ತದೆ. ಅದೇ ಕೋಡನ್ನು, ಒಂದಕ್ಷರವೂ ಬದಲಿಸದೆ, ವಿಂಡೋಸ್‌ನ ವಿಷುವಲ್ ಸಿ++ನಲ್ಲಿ ಕಂಪೈಲ್ ಮಾಡಿ ಓಡಿಸಿದರೆ ಓದು ಅರ್ಧಕ್ಕೆ ನಿಲ್ಲುತ್ತದೆ, ಇಲ್ಲವೇ ಎತ್ತರ, ಅಗಲ, ದಾಖಲೆಗಳ ಸಂಖ್ಯೆ ಇರಬೇಕಾದ ಜಾಗದಲ್ಲಿ ಕೋಟಿಗಟ್ಟಲೆ ಅಂಕಿಗಳು ಬರುತ್ತವೆ. ಕಂಪೈಲರ್‌ನಲ್ಲೇ ದೋಷವಿದೆ ಎಂಬ ಅನುಮಾನ ಇಲ್ಲಿ ಸಹಜವಾಗಿ ಹುಟ್ಟುತ್ತದೆಯಾದರೂ ಅದು ನಿಜವಾಗುವುದು ತೀರ ಅಪರೂಪ. ಯಾವ ಟೈಪಿಗೆ ಎಷ್ಟು ಬೈಟ್, ಸ್ಟ್ರಕ್ಚರಿನ ಸದಸ್ಯಗಳ ನಡುವೆ ಎಷ್ಟು ಖಾಲಿ ಜಾಗ, ಚಾರ್ ಟೈಪಿಗೆ ಋಣ ಬೆಲೆ ಉಂಟೋ ಇಲ್ಲವೋ ಎಂಬಂಥ ಎಷ್ಟೋ ವಿಷಯಗಳನ್ನು ಭಾಷೆಯ ಮಾನದಂಡವೇ ಕಂಪೈಲರ್‌ಗೆ ಬಿಟ್ಟುಕೊಟ್ಟಿದೆ. ಒಂದು ಕಂಪೈಲರ್ ಮಾಡಿಕೊಂಡ ಆಯ್ಕೆಯನ್ನು ಎಲ್ಲೆಡೆಯ ನಿಯಮವೆಂದು ಕೋಡ್ ನಂಬಿಕೊಂಡಾಗ ತೊಂದರೆ ಶುರುವಾಗುತ್ತದೆ. ಆ ನಂಬಿಕೆಗಳನ್ನು ಒಂದೊಂದಾಗಿ ಪರೀಕ್ಷಿಸುವ ಕ್ರಮ ಇಲ್ಲಿದೆ. ಮೊದಲಿನ ಹಂತಗಳನ್ನು ಹಾರಿಸಿ ನೇರವಾಗಿ ಪ್ಯಾಡಿಂಗ್ (ಸದಸ್ಯಗಳ ನಡುವಿನ ಆ ಖಾಲಿ ಜಾಗ) ಅಥವಾ ಬೈಟ್ ಕ್ರಮದ ಕಡೆಗೆ ಹೋದವರು ಬಹಳ ಸಲ ಇಲ್ಲದ ದೋಷವನ್ನು ತಿದ್ದುತ್ತಾ ಕೂರುತ್ತಾರೆ, ಆದ್ದರಿಂದ ಇದೇ ಅನುಕ್ರಮದಲ್ಲಿ ಹೋಗುವುದು ಒಳ್ಳೆಯದು.

ಹಂತ 1: ಕೋಡನ್ನು ಬಿಟ್ಟು ಬೈಟುಗಳನ್ನು ನೋಡಿ

ಎರಡೂ ಯಂತ್ರಗಳಲ್ಲಿರುವುದು ನಿಜವಾಗಿಯೂ ಒಂದೇ ಫೈಲೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಎರಡೂ ಕಡೆ ಫೈಲಿನ ಗಾತ್ರವನ್ನು ಬೈಟುಗಳ ಲೆಕ್ಕದಲ್ಲಿ ನೋಡಿ, ಸಾಧ್ಯವಾದರೆ ಚೆಕ್‌ಸಮ್ಮನ್ನೂ ಹೋಲಿಸಿ. ಎಫ್‌ಟಿಪಿಯ ಆಸ್ಕಿ ಮೋಡ್‌ನಲ್ಲಿ ಕಳಿಸಿದ ಫೈಲು ದಾರಿಯಲ್ಲೇ ಕೆಟ್ಟಿರಬಹುದು. ಗಿಟ್‌ನ ಆಟೋಸಿಆರ್‌ಎಲ್‌ಎಫ್ ಸೆಟ್ಟಿಂಗ್ ಕೂಡ ಬೈನರಿ ಫೈಲನ್ನು ಪಠ್ಯವೆಂದು ತಪ್ಪಾಗಿ ತಿಳಿದು ಸಾಲಿನ ಕೊನೆಗಳನ್ನು ಬದಲಿಸಿಬಿಡುವುದುಂಟು. ಪರೀಕ್ಷೆಗೆ ಬಳಸುವ ಬೈನರಿ ಫೈಲುಗಳು ರೆಪಾಸಿಟರಿಯಲ್ಲಿದ್ದರೆ ಗಿಟ್‌ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಅವುಗಳನ್ನು ಬೈನರಿ ಎಂದು ಗುರುತಿಸಿಡುವುದು ಕ್ಷೇಮ.

ಆಮೇಲೆ ಮೊದಲ ಅರವತ್ತನಾಲ್ಕು ಬೈಟುಗಳನ್ನಾದರೂ ಹೆಕ್ಸ್ ರೂಪದಲ್ಲಿ ತೆರೆದು ನೋಡಿ. ಲಿನಕ್ಸ್‌ನಲ್ಲಿ ಇದಕ್ಕೆ ಎಕ್ಸ್‌ಎಕ್ಸ್‌ಡಿ, ಹೆಕ್ಸ್‌ಡಂಪ್ ಮತ್ತು ಓಡಿ ಎಂಬ ಆಜ್ಞೆಗಳಿವೆ. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಫಾರ್ಮ್ಯಾಟ್-ಹೆಕ್ಸ್ ಎಂಬುದಿದೆ. ಎರಡು ಫೈಲುಗಳನ್ನು ಬೈಟ್ ಬೈಟಾಗಿ ಹೋಲಿಸಲು ಲಿನಕ್ಸ್‌ನ ಸಿಎಂಪಿ ಮತ್ತು ವಿಂಡೋಸ್‌ನ ಎಫ್‌ಸಿ ಆಜ್ಞೆಯ ಬಿ ಆಯ್ಕೆ ಸಾಕಾಗುತ್ತವೆ. ಯಾವ ಜಾಗದಲ್ಲಿ ಯಾವ ಬೈಟ್ ಇದೆ ಎಂಬುದು ಕಾಗದದ ಮೇಲೆ ಬರದಿದ್ದರೆ ಮುಂದಿನ ಯಾವ ಹಂತವೂ ಫಲ ಕೊಡುವುದಿಲ್ಲ.

ಫೈಲು ಸಾಗಣೆಯಲ್ಲಿ ಕೆಡುವ ಸಾಧ್ಯತೆಯನ್ನು ಪಿಎನ್‌ಜಿ ಚಿತ್ರಮಾದರಿಯನ್ನು ರೂಪಿಸಿದವರು ಮುಂದಾಗಿಯೇ ಯೋಚಿಸಿದ್ದರು. ಪ್ರತಿ ಪಿಎನ್‌ಜಿ ಫೈಲೂ 137, 80, 78, 71, 13, 10, 26, 10 ಎಂಬ ಎಂಟು ಬೈಟುಗಳಿಂದ ಆರಂಭವಾಗುತ್ತದೆ. 127ಕ್ಕಿಂತ ದೊಡ್ಡದಾದ 137, ಎಂಟನೆಯ ಬಿಟ್ಟನ್ನು ಕತ್ತರಿಸುವ ಮಾರ್ಗಗಳನ್ನು ಹಿಡಿದುಕೊಡುತ್ತದೆ. ವಿಂಡೋಸ್‌ನಲ್ಲಿ ಸಾಲು ಮುಗಿಯಿತೆಂದು ಸೂಚಿಸುವ 13 ಮತ್ತು 10ರ ಜೋಡಿ ಸಾಲಿನ ಕೊನೆಯ ಪರಿವರ್ತನೆಯನ್ನು ಬಯಲು ಮಾಡುತ್ತದೆ. 26 ಎಂಬುದು ಡಾಸ್ ಕಾಲದ ಫೈಲ್ ಅಂತ್ಯದ ಗುರುತು. ಕೊನೆಯ ಒಂಟಿ 10, ಮೊದಲಿನದಕ್ಕೆ ವಿರುದ್ಧ ದಿಕ್ಕಿನ ಪರಿವರ್ತನೆಯನ್ನು ತೋರಿಸಿಕೊಡುತ್ತದೆ. ನಿಮ್ಮದೇ ಫೈಲ್ ಮಾದರಿಯನ್ನು ನೀವು ರೂಪಿಸುತ್ತಿದ್ದರೆ ಈ ಎಂಟು ಬೈಟುಗಳಿಂದ ಕಲಿಯುವುದು ಬಹಳವಿದೆ.

ಹಂತ 2: ಫೈಲು ತೆರೆದಿದೆಯೇ?

ಇದು ಕ್ಷುಲ್ಲಕವೆನಿಸಿದರೂ ಬಹಳ ದೂರುಗಳ ಮೂಲ ಇಲ್ಲೇ ಇರುತ್ತದೆ. ಫೈಲಿನ ಹೆಸರನ್ನಷ್ಟೇ ಕೊಟ್ಟು ಪೂರ್ತಿ ಹಾದಿಯನ್ನು ಕೊಡದಿದ್ದರೆ ಪ್ರೋಗ್ರಾಂ ಅದನ್ನು ಆ ಕ್ಷಣದ ವರ್ಕಿಂಗ್ ಡೈರೆಕ್ಟರಿಯಲ್ಲಿ ಹುಡುಕುತ್ತದೆ. ವಿಷುವಲ್ ಸ್ಟುಡಿಯೋ ಡೀಬಗರ್‌ನಿಂದ ಓಡಿಸಿದಾಗ ಅದು ಸಾಮಾನ್ಯವಾಗಿ ಪ್ರಾಜೆಕ್ಟ್ ಫೋಲ್ಡರ್ ಆಗಿರುತ್ತದೆ. ಟರ್ಮಿನಲ್‌ನಿಂದ ಓಡಿಸಿದಾಗ ನೀವು ನಿಂತಿರುವ ಫೋಲ್ಡರ್ ಆಗಿರುತ್ತದೆ. ಎಫ್‌ಓಪನ್ ನಲ್ ಹಿಂದಿರುಗಿಸಿತೇ, ಐಎಫ್‌ಸ್ಟ್ರೀಮ್‌ನ ಈಸ್ ಓಪನ್ ಏನು ಹೇಳಿತು ಎಂಬುದನ್ನು ನೋಡದೆ ಮುಂದೆ ಹೋಗಬೇಡಿ.

ವಿಷುವಲ್ ಸಿ++ನ ಡೀಬಗ್ ಬಿಲ್ಡ್ ಇಲ್ಲಿ ಒಂದು ಉಪಕಾರ ಮಾಡುತ್ತದೆ. ಬೆಲೆ ಕೊಡದ ಲೋಕಲ್ ವೇರಿಯಬಲ್‌ಗಳನ್ನು ಅದು 204 ಎಂಬ ಬೈಟಿನಿಂದಲೂ, ಹೀಪ್‌ನಿಂದ ಹೊಸದಾಗಿ ಪಡೆದ ಮೆಮೊರಿಯನ್ನು 205 ಎಂಬ ಬೈಟಿನಿಂದಲೂ ತುಂಬುತ್ತದೆ. ಆದ್ದರಿಂದ ಓದಿದ ಪೂರ್ಣಾಂಕ -858993460 ಅಥವಾ -842150451 ಎಂದು ಕಂಡರೆ ಅದು ಫೈಲಿನಿಂದ ಬಂದದ್ದಲ್ಲ ಎಂದು ಹೆಚ್ಚುಕಡಿಮೆ ನಿಶ್ಚಯವಾಗಿ ಹೇಳಬಹುದು: ಆ ವೇರಿಯಬಲ್‌ಗೆ ಯಾರೂ ಏನನ್ನೂ ಓದಿಯೇ ಇಲ್ಲ. ಜಿಸಿಸಿಯಲ್ಲಿ ಅದೇ ಜಾಗದಲ್ಲಿ ಆಕಸ್ಮಿಕವಾಗಿ ಸೊನ್ನೆ ಇದ್ದು, ಎಲ್ಲವೂ ಸರಿಯಿದೆ ಎಂಬ ಭ್ರಮೆ ಹುಟ್ಟಿರಬಹುದು.

ಹಂತ 3: ಟೆಕ್ಸ್ಟ್ ಮೋಡ್ ಮತ್ತು ಬೈನರಿ ಮೋಡ್

ಲಿನಕ್ಸ್‌ನಂಥ ಪೋಸಿಕ್ಸ್ ವ್ಯವಸ್ಥೆಗಳಲ್ಲಿ "ಆರ್" ಎಂದು ತೆರೆದರೂ "ಆರ್‌ಬಿ" ಎಂದು ತೆರೆದರೂ ವ್ಯತ್ಯಾಸವಿಲ್ಲ. ಆದ್ದರಿಂದಲೇ ಲಿನಕ್ಸ್‌ನಲ್ಲಿ ಬರೆದ ಕೋಡಿನಲ್ಲಿ ಆ ಒಂದಕ್ಷರ ಬಿಟ್ಟುಹೋಗಿದ್ದರೆ ವರ್ಷಗಟ್ಟಲೆ ಯಾರ ಗಮನಕ್ಕೂ ಬರುವುದಿಲ್ಲ. ವಿಂಡೋಸ್‌ನಲ್ಲಿ, ವಿಷುವಲ್ ಸಿ++ ಇರಲಿ ಜಿಸಿಸಿಯ ವಿಂಡೋಸ್ ರೂಪವಾದ ಮಿನ್‌ಜಿಡಬ್ಲ್ಯೂ ಇರಲಿ, ಟೆಕ್ಸ್ಟ್ ಮೋಡ್‌ನ ಓದು ಎರಡು ಕೆಲಸ ಮಾಡುತ್ತದೆ: 13, 10 ಎಂಬ ಬೈಟ್ ಜೋಡಿ ಎದುರಾದಲ್ಲೆಲ್ಲ 13ನ್ನು ನುಂಗಿ 10ನ್ನು ಮಾತ್ರ ಕೊಡುತ್ತದೆ, 26 ಎಂಬ ಬೈಟ್ ಕಂಡ ಕೂಡಲೇ ಫೈಲು ಮುಗಿಯಿತೆಂದು ಹೇಳಿ ನಿಲ್ಲುತ್ತದೆ. ಕಂಪ್ರೆಸ್ ಮಾಡಿದ ದತ್ತಾಂಶದಲ್ಲಿ ಯಾವುದೇ ಒಂದು ಬೈಟ್ ಬೆಲೆ ಸರಾಸರಿ 256 ಬೈಟಿಗೆ ಒಂದು ಸಲ ಬರುತ್ತದೆಯಾದ್ದರಿಂದ ಅಂಥ ಫೈಲಿನ ಓದು ಬಲು ಬೇಗ ನಿಂತುಹೋಗುತ್ತದೆ. ಸಣ್ಣ ಸಣ್ಣ ಸಂಖ್ಯೆಗಳೇ ತುಂಬಿದ ಪರೀಕ್ಷಾ ಫೈಲಿನಲ್ಲಾದರೋ ಈ ದೋಷ ಕಾಣಿಸಿಕೊಳ್ಳದೆಯೂ ಇರಬಹುದು. ಲಿನಕ್ಸ್‌ನಲ್ಲಿ ಓದಿದ್ದಕ್ಕಿಂತ ವಿಂಡೋಸ್‌ನಲ್ಲಿ ಓದಿದ ಬೈಟುಗಳ ಸಂಖ್ಯೆ ಕಡಿಮೆಯಿದ್ದರೆ ಮೊದಲು ಶಂಕಿಸಬೇಕಾದದ್ದು ಇದನ್ನೇ.

ಪರಿಹಾರ ಸರಳವಾಗಿದೆ. ಎಫ್‌ಓಪನ್‌ಗೆ "ಆರ್‌ಬಿ" ಕೊಡಿ, ಸಿ++ ಸ್ಟ್ರೀಮುಗಳಿಗೆ ಐಓಎಸ್ ಬೈನರಿ ಫ್ಲಾಗ್ ಕೊಡಿ. ಸ್ಟ್ಯಾಂಡರ್ಡ್ ಇನ್‌ಪುಟ್‌ನಿಂದ ಬೈನರಿ ದತ್ತಾಂಶ ಓದುವ ಪ್ರೋಗ್ರಾಂ ಆದರೆ ವಿಂಡೋಸ್‌ನಲ್ಲಿ ಸೆಟ್‌ಮೋಡ್ ಫಂಕ್ಷನ್ ಕರೆದು ಅದನ್ನು ಬೈನರಿ ಮೋಡ್‌ಗೆ ಬದಲಿಸಬೇಕು. ಫೈಲನ್ನು ಬರೆದ ಪ್ರೋಗ್ರಾಮನ್ನೂ ಮರೆಯದೆ ನೋಡಿ: ಬರೆಯುವಾಗ ಟೆಕ್ಸ್ಟ್ ಮೋಡ್ ಇದ್ದಿದ್ದರೆ ಪ್ರತಿ 10ರ ಹಿಂದೆ ಒಂದು 13 ಸೇರಿ ಫೈಲೇ ಹಿಗ್ಗಿರುತ್ತದೆ, ಅದನ್ನು ಎಷ್ಟೇ ಸರಿಯಾಗಿ ಓದಿದರೂ ಪ್ರಯೋಜನವಿಲ್ಲ.

ಸಿ++ನಲ್ಲಿ ಇನ್ನೊಂದು ತೊಡಕಿದೆ. ಸ್ಟ್ರೀಮನ್ನು ಬೈನರಿ ಮೋಡ್‌ನಲ್ಲಿ ತೆರೆದ ಮಾತ್ರಕ್ಕೆ ಎರಡು ಬಾಣದ ಇನ್‌ಪುಟ್ ಆಪರೇಟರ್ ಬೈನರಿ ಓದನ್ನು ಮಾಡುವುದಿಲ್ಲ. ಅದು ಆಗಲೂ ಪಠ್ಯವನ್ನೇ ಬಿಡಿಸುತ್ತದೆ ಮತ್ತು ಖಾಲಿ ಅಕ್ಷರಗಳನ್ನು ಹಾರಿಸುತ್ತದೆ. ಬೈನರಿ ಓದಿಗೆ ರೀಡ್ ಫಂಕ್ಷನ್ನನ್ನೇ ಬಳಸಬೇಕು.

ಹಂತ 4: ಓದುವ ಫಂಕ್ಷನ್ ಏನು ಹಿಂದಿರುಗಿಸಿತು?

ಎಫ್‌ರೀಡ್ ಹಿಂದಿರುಗಿಸುವುದು ಪೂರ್ತಿಯಾಗಿ ಓದಿದ ಘಟಕಗಳ ಸಂಖ್ಯೆಯನ್ನು. ನೂರು ಬೈಟಿನ ಒಂದು ಘಟಕ ಎಂದು ಕೇಳಿದರೆ ತೊಂಬತ್ತೊಂಬತ್ತು ಬೈಟ್ ಸಿಕ್ಕಾಗ ಉತ್ತರ 0. ಒಂದು ಬೈಟಿನ ನೂರು ಘಟಕ ಎಂದು ಕೇಳಿದರೆ ಅದೇ ಸನ್ನಿವೇಶದಲ್ಲಿ ಉತ್ತರ 99. ದೋಷ ಹುಡುಕುವಾಗ ಎರಡನೆಯ ರೀತಿಯೇ ಹೆಚ್ಚು ಉಪಯುಕ್ತ, ಏಕೆಂದರೆ ಓದು ಎಲ್ಲಿ ನಿಂತಿತೆಂಬುದು ಅದರಿಂದ ತಿಳಿಯುತ್ತದೆ. ಕಡಿಮೆ ಬಂದಾಗ ಎಫ್‌ಈಓಎಫ್ ಮತ್ತು ಎಫ್‌ಎರರ್ ಎರಡನ್ನೂ ಕೇಳಿ ನೋಡಿ, ಫೈಲು ಮುಗಿದದ್ದೋ ಓದಿನಲ್ಲಿ ದೋಷವಾದದ್ದೋ ಎಂದು ಬೇರ್ಪಡಿಸಿ. ಸಿ++ನಲ್ಲಿ ಜಿಕೌಂಟ್ ಈ ಸಂಖ್ಯೆಯನ್ನು ಕೊಡುತ್ತದೆ.

ಎಫ್‌ಈಓಎಫ್ ಸುಳ್ಳಾಗಿರುವವರೆಗೆ ಓದುವ ಲೂಪ್ ಬಹಳ ಹಳೆಯ ದೋಷ. ಫೈಲು ಮುಗಿದಿದೆ ಎಂಬುದು ಅದರಾಚೆಗೆ ಓದಲು ಯತ್ನಿಸಿದ ಮೇಲಷ್ಟೇ ಗೊತ್ತಾಗುವುದರಿಂದ ಕೊನೆಯ ದಾಖಲೆ ಎರಡು ಸಲ ಬರುತ್ತದೆ. ಲೂಪಿನ ಷರತ್ತಿನ ಜಾಗದಲ್ಲಿ ಎಫ್‌ರೀಡ್‌ನ ಉತ್ತರವನ್ನೇ ಇಡಬೇಕು. ಎಫ್‌ಗೆಟ್‌ಸಿಯ ಉತ್ತರವನ್ನು ಚಾರ್ ವೇರಿಯಬಲ್‌ನಲ್ಲಿ ಇಟ್ಟುಕೊಳ್ಳುವುದೂ ಇದೇ ಜಾತಿಯದು. ಚಾರ್‌ಗೆ ಋಣ ಬೆಲೆಯಿರುವ ಎಕ್ಸ್86 ಕಂಪೈಲರ್‌ಗಳಲ್ಲಿ 255 ಎಂಬ ಸಾಧಾರಣ ಬೈಟ್ -1 ಆಗಿ, ಫೈಲು ಮುಗಿಯಿತೆಂದು ಕೋಡ್ ತಿಳಿಯುತ್ತದೆ. ಋಣ ಬೆಲೆಯಿಲ್ಲದ ಆರ್ಮ್ ಲಿನಕ್ಸ್‌ನಲ್ಲಿ ಅದೇ ಲೂಪ್ ಎಂದೂ ಮುಗಿಯುವುದೇ ಇಲ್ಲ. ಉತ್ತರವನ್ನು ಇಂಟ್ ವೇರಿಯಬಲ್‌ನಲ್ಲಿ ಹಿಡಿದರೆ ಎರಡೂ ಕಡೆ ಸರಿಹೋಗುತ್ತದೆ.

ಹಂತ 5: ಟೈಪುಗಳ ಗಾತ್ರ

ಎರಡೂ ಕಂಪೈಲರ್‌ಗಳಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದು, ನಿಮ್ಮ ಸ್ಟ್ರಕ್ಚರಿನಲ್ಲಿ ಬರುವ ಪ್ರತಿ ಟೈಪಿನ ಸೈಜ್‌ಆಫ್ ಬೆಲೆಯನ್ನು (ಅದು ಎಷ್ಟು ಬೈಟ್ ಎಂಬುದನ್ನು) ಮುದ್ರಿಸಿ ಪಕ್ಕಪಕ್ಕದಲ್ಲಿಟ್ಟು ನೋಡಿ. ಹೆಚ್ಚು ಕಾಡುವುದು ಲಾಂಗ್: 64 ಬಿಟ್ ಲಿನಕ್ಸ್‌ನಲ್ಲಿ ಅದು 8 ಬೈಟ್, 64 ಬಿಟ್ ವಿಂಡೋಸ್‌ನಲ್ಲಿ 4 ಬೈಟ್. ಡಾಸ್ ಕಾಲದ ಟರ್ಬೋ ಸಿಯಲ್ಲಿ ಇಂಟ್ ಎಂಬುದೇ 2 ಬೈಟ್ ಇದ್ದುದರಿಂದ ಆ ಕಾಲದ ದತ್ತಾಂಶ ಫೈಲುಗಳನ್ನು ಇಂದಿನ ಕಂಪೈಲರ್‌ನಲ್ಲಿ ಅದೇ ಸ್ಟ್ರಕ್ಚರ್ ಇಟ್ಟುಕೊಂಡು ಓದಲು ಹೋದರೆ ಮೊದಲ ಇಂಟ್ ಸದಸ್ಯದಿಂದಲೇ ಲೆಕ್ಕ ತಪ್ಪುತ್ತದೆ. ಡಬ್ಲ್ಯೂಚಾರ್ ವಿಂಡೋಸ್‌ನಲ್ಲಿ 2, ಲಿನಕ್ಸ್‌ನಲ್ಲಿ 4. ಲಾಂಗ್ ಡಬಲ್ ವಿಷುವಲ್ ಸಿ++ನಲ್ಲಿ ಡಬಲ್‌ನಷ್ಟೇ 8 ಬೈಟ್, ಜಿಸಿಸಿಯಲ್ಲಿ 32 ಬಿಟ್ ಎಕ್ಸ್86 ಲಿನಕ್ಸ್‌ಗೆ 12, 64 ಬಿಟ್ಟಿಗೆ 16; ಆ 12 ಅಥವಾ 16ರಲ್ಲಿ ಅರ್ಥವುಳ್ಳವು ಹತ್ತು ಮಾತ್ರ. ಇದನ್ನು ಫೈಲಿನಲ್ಲಿ ಇಡದಿರುವುದೇ ಲೇಸು.

ಫೈಲಿಗೆ ಹೋಗುವ, ಫೈಲಿನಿಂದ ಬರುವ ಪೂರ್ಣಾಂಕಗಳಿಗೆಲ್ಲ ಸಿ99ರಿಂದ ಬಂದ ನಿಗದಿತ ಗಾತ್ರದ ಟೈಪುಗಳನ್ನೇ ಬಳಸಿ: ಇಂಟ್16, ಇಂಟ್32, ಯುಇಂಟ್32 ಮುಂತಾದವು. ವಿಷುವಲ್ ಸಿ++ನಲ್ಲಿ ಇವುಗಳ ಹೆಡರ್ ಫೈಲು 2010ರ ಆವೃತ್ತಿಯಿಂದ ಇದೆ. ಪಾಯಿಂಟರ್‌ಗಳನ್ನೂ ಸೈಜ್ ಟಿ ಟೈಪನ್ನೂ ಫೈಲಿನ ಸ್ಟ್ರಕ್ಚರಿನೊಳಕ್ಕೆ ಬಿಟ್ಟುಕೊಳ್ಳಬೇಡಿ.

ಹಂತ 6: ಪ್ಯಾಡಿಂಗ್

ಗಾತ್ರಗಳೆಲ್ಲ ಹೊಂದಿದ ಮೇಲೂ ಅಂಕಿಗಳು ತಪ್ಪಿದರೆ ಸ್ಟ್ರಕ್ಚರಿನ ಒಳಗಿನ ಖಾಲಿ ಜಾಗದ ಮೇಲೆ ಕಣ್ಣಿಡಬೇಕು. ಇದನ್ನು ಬಿಎಂಪಿ ಚಿತ್ರದ ಹೆಡರ್‌ನಲ್ಲಿ ಹತ್ತಿರದಿಂದ ನೋಡಬಹುದು. ಅದರ ಮೊದಲ ಭಾಗದಲ್ಲಿ ಕ್ರಮವಾಗಿ 2 ಬೈಟಿನ ಗುರುತು, 4 ಬೈಟಿನ ಫೈಲ್ ಗಾತ್ರ, ತಲಾ 2 ಬೈಟಿನ ಎರಡು ಮೀಸಲು ಜಾಗಗಳು ಮತ್ತು ಚಿತ್ರದ ದತ್ತಾಂಶ ಎಲ್ಲಿಂದ ಆರಂಭವೆಂದು ಹೇಳುವ 4 ಬೈಟಿನ ಸಂಖ್ಯೆ, ಹೀಗೆ ಒಟ್ಟು 14 ಬೈಟುಗಳಿವೆ. ಇದೇ ಕ್ರಮದಲ್ಲಿ ಸ್ಟ್ರಕ್ಚರ್ ಬರೆದರೆ ಇಂದಿನ ಸಾಮಾನ್ಯ ಕಂಪೈಲರ್‌ಗಳು 4 ಬೈಟಿನ ಸದಸ್ಯವನ್ನು 4ರಿಂದ ಭಾಗವಾಗುವ ಜಾಗದಲ್ಲಿ ಇಡಬೇಕೆಂದು ಗುರುತಿನ ನಂತರ 2 ಬೈಟ್ ಖಾಲಿ ಬಿಡುತ್ತವೆ. ಸೈಜ್‌ಆಫ್ 16 ಎಂದು ಹೇಳುತ್ತದೆ.

ಎರಡು ಪಿಕ್ಸೆಲ್ ಅಗಲ, ಎರಡು ಪಿಕ್ಸೆಲ್ ಎತ್ತರದ 24 ಬಿಟ್ ಚಿತ್ರವನ್ನು ತೆಗೆದುಕೊಳ್ಳೋಣ. ಪ್ರತಿ ಸಾಲಿನ 6 ಬೈಟುಗಳನ್ನು 4ರ ಗುಣಕಕ್ಕೆ ಏರಿಸಿ 8 ಮಾಡಲಾಗುವುದರಿಂದ ಫೈಲು ಎರಡು ಹೆಡರ್‌ಗಳ 54 ಮತ್ತು ಎರಡು ಸಾಲುಗಳ 16 ಸೇರಿ 70 ಬೈಟ್ ಆಗುತ್ತದೆ. ಅದರ ಮೊದಲ ಬೈಟುಗಳು ಹೀಗಿರುತ್ತವೆ: 66, 77, 70, 0, 0, 0, 0, 0, 0, 0, 54, 0, 0, 0, ಆಮೇಲೆ ಎರಡನೆಯ ಹೆಡರ್‌ನ 40, 0, 0, 0, ಬಳಿಕ ಅಗಲದ 2, 0, 0, 0. ಹದಿನಾರು ಬೈಟಿನ ಸ್ಟ್ರಕ್ಚರಿಗೆ ಇದನ್ನು ಒಮ್ಮೆಲೇ ಓದಿದರೆ ಗುರುತು ಸರಿಯಾಗಿಯೇ ಬರುತ್ತದೆ. ಮುಂದಿನ 70 ಮತ್ತು 0 ಖಾಲಿ ಜಾಗಕ್ಕೆ ಬಿದ್ದು ಕಳೆದುಹೋಗುತ್ತವೆ. ಫೈಲ್ ಗಾತ್ರ 0 ಎಂದು ಬರುತ್ತದೆ. ಎರಡನೆಯ ಮೀಸಲು ಜಾಗದಲ್ಲಿ 54 ಕೂರುತ್ತದೆ. ದತ್ತಾಂಶದ ಆರಂಭ 2621440 ಎಂದು ಕಾಣುತ್ತದೆ, ಅಂದರೆ 40ನ್ನು 65536ರಿಂದ ಗುಣಿಸಿದ್ದು. ಓದುವ ಸ್ಥಾನವೂ 14ರ ಬದಲು 16ಕ್ಕೆ ಹೋಗಿರುವುದರಿಂದ ಎರಡನೆಯ ಹೆಡರ್‌ನ ಗಾತ್ರ 40 ಆಗುವ ಬದಲು 131072 ಆಗುತ್ತದೆ. ಮೊದಲ ಸದಸ್ಯ ಸರಿ, ಉಳಿದವು 65536ರ ಗುಣಕಗಳು ಅಥವಾ ಪಕ್ಕದ ಸದಸ್ಯದ ಬೆಲೆಗಳು: ಇಂಥ ಚಿತ್ರ ಕಂಡರೆ ಎರಡು ಬೈಟಿನ ಪ್ಯಾಡಿಂಗ್ ಎಂದು ಬಹುಮಟ್ಟಿಗೆ ಧೈರ್ಯವಾಗಿ ತೀರ್ಮಾನಿಸಬಹುದು.

ಪ್ಯಾಡಿಂಗ್ ಕಂಪೈಲರ್‌ನಿಂದ ಕಂಪೈಲರ್‌ಗೆ ಬದಲಾಗುತ್ತದೆ. ಒಂದು ಇಂಟ್, ಅದರ ನಂತರ ಒಂದು ಡಬಲ್ ಇರುವ ಸ್ಟ್ರಕ್ಚರ್ 32 ಬಿಟ್ ಎಕ್ಸ್86 ಲಿನಕ್ಸ್‌ನ ಜಿಸಿಸಿಯಲ್ಲಿ 12 ಬೈಟ್, ವಿಷುವಲ್ ಸಿ++ನಲ್ಲಿ 16 ಬೈಟ್. ಬಿಟ್‌ಫೀಲ್ಡುಗಳ ಜೋಡಣೆಯಂತೂ ಪೂರ್ತಿ ಕಂಪೈಲರ್‌ನ ಇಚ್ಛೆ. ಖಾಲಿ ಜಾಗ ಬಿಡಬೇಡವೆಂದು ಕಂಪೈಲರ್‌ಗೆ ಹೇಳುವ ಪ್ರಾಗ್ಮಾ ಪ್ಯಾಕ್ ಪುಷ್, 1 ಎಂಬ ನಿರ್ದೇಶನ ವಿಷುವಲ್ ಸಿ++, ಜಿಸಿಸಿ, ಕ್ಲಾಂಗ್ ಮೂರರಲ್ಲೂ ನಡೆಯುತ್ತದೆ ಮತ್ತು ಮೇಲಿನ ಬಿಎಂಪಿ ತೊಂದರೆಯನ್ನು ಕೂಡಲೇ ನಿವಾರಿಸುತ್ತದೆ. ಸ್ಟ್ರಕ್ಚರ್ ಮುಗಿದ ಕೂಡಲೇ ಪಾಪ್ ಮಾಡಲು, ಅಂದರೆ ಹಿಂದಿನ ಸ್ಥಿತಿಗೆ ಮರಳಿಸಲು, ಮರೆತರೆ, ಆ ಹೆಡರ್ ಫೈಲಿನ ನಂತರ ಸೇರುವ ಎಲ್ಲ ಸ್ಟ್ರಕ್ಚರುಗಳ ಜೋಡಣೆಯೂ ಬದಲಾಗಿ, ಸಂಬಂಧವೇ ಇಲ್ಲದ ಲೈಬ್ರರಿಯೊಂದು ಕುಸಿಯುತ್ತದೆ. ಪ್ಯಾಕ್ ಮಾಡಿದ ಸದಸ್ಯದ ವಿಳಾಸವನ್ನು ಪಾಯಿಂಟರ್‌ನಲ್ಲಿ ಹಿಡಿದು ಬಳಸುವುದೂ ಅಲೈನ್‌ಮೆಂಟ್ ಕಡ್ಡಾಯವಾಗಿರುವ ಪ್ರೊಸೆಸರ್‌ಗಳಲ್ಲಿ ಅಪಾಯ. ಪ್ಯಾಕ್ ನಿರ್ದೇಶನವನ್ನು ನಾನು ಗಾಯಕ್ಕೆ ಕಟ್ಟುವ ತಾತ್ಕಾಲಿಕ ಪಟ್ಟಿಯೆಂದೇ ಎಣಿಸುತ್ತೇನೆ. ಅದನ್ನು ಬಳಸಲೇಬೇಕಾದಲ್ಲಿ ಸ್ಟ್ಯಾಟಿಕ್ ಅಸರ್ಟ್ ಬರೆದು, ಸೈಜ್‌ಆಫ್ 14 ಆಗಿದೆಯೇ, ಕೊನೆಯ ಸದಸ್ಯದ ಆಫ್‌ಸೆಟ್‌ಆಫ್ (ಸ್ಟ್ರಕ್ಚರಿನ ಆರಂಭದಿಂದ ಅದರ ದೂರ) 10 ಆಗಿದೆಯೇ ಎಂದು ಕಂಪೈಲ್ ಮಾಡುವಾಗಲೇ ಪರೀಕ್ಷಿಸಿಬಿಡಿ.

ಹಂತ 7: ಬೈಟ್ ಕ್ರಮ, ಮತ್ತು ನೆಚ್ಚಬಹುದಾದ ಓದು

ಎಕ್ಸ್86 ಪ್ರೊಸೆಸರ್‌ಗಳು ಸಂಖ್ಯೆಯ ಕಡಿಮೆ ಸ್ಥಾನಬೆಲೆಯ ಬೈಟನ್ನು ಮೊದಲು ಇಡುವ ಲಿಟಲ್ ಎಂಡಿಯನ್ ಜಾತಿಯವು; ಸ್ಪಾರ್ಕ್ ಮುಂತಾದವು ಹೆಚ್ಚು ಸ್ಥಾನಬೆಲೆಯ ಬೈಟನ್ನು ಮೊದಲು ಇಡುವ ಬಿಗ್ ಎಂಡಿಯನ್ ಜಾತಿಯವು. ಪ್ರೊಸೆಸರ್ ಒಂದೇ ಆಗಿದ್ದರೂ ಫೈಲ್ ಮಾದರಿಯೇ ಬಿಗ್ ಎಂಡಿಯನ್ ಆಗಿರಬಹುದು. ಪಿಎನ್‌ಜಿಯ ಪೂರ್ಣಾಂಕಗಳು ಹಾಗೆಯೇ ಇವೆ. ಗುರುತು ಸುಲಭ: 1 ಇರಬೇಕಾದಲ್ಲಿ 16777216, 54 ಇರಬೇಕಾದಲ್ಲಿ 905969664 ಬಂದಿದ್ದರೆ ನಾಲ್ಕು ಬೈಟುಗಳು ತಿರುವುಮುರುವಾಗಿವೆ.

ಇಡೀ ಸ್ಟ್ರಕ್ಚರನ್ನು ಒಮ್ಮೆಲೇ ಓದುವ ಪದ್ಧತಿಯನ್ನು ಕೈಬಿಟ್ಟು, ಬೈಟುಗಳನ್ನು ಒಂದು ಅರೇಗೆ ಓದಿಕೊಂಡು ಪ್ರತಿ ಸದಸ್ಯವನ್ನು ನಾವೇ ಕಟ್ಟುವುದು ಮೇಲಿನ ಮೂರು ಹಂತಗಳ ತೊಂದರೆಯನ್ನು ಒಟ್ಟಿಗೆ ಕಳೆಯುತ್ತದೆ. ಲಿಟಲ್ ಎಂಡಿಯನ್ ಮಾದರಿಯ 4 ಬೈಟಿನ ಸಂಖ್ಯೆಗೆ ಮೊದಲ ಬೈಟ್, ಎರಡನೆಯದನ್ನು 8 ಬಿಟ್, ಮೂರನೆಯದನ್ನು 16 ಬಿಟ್, ನಾಲ್ಕನೆಯದನ್ನು 24 ಬಿಟ್ ಎಡಕ್ಕೆ ಸರಿಸಿ ಬಿಟ್ ಆರ್‌ನಿಂದ ಕೂಡಿಸಿದರೆ ಆಯಿತು. ಈ ಕೋಡಿಗೆ ತಾನು ಯಾವ ಪ್ರೊಸೆಸರ್ ಮೇಲೆ ಓಡುತ್ತಿದ್ದೇನೆಂದು ತಿಳಿಯುವ ಅಗತ್ಯವೇ ಇಲ್ಲ. ಸಾಲುಗಳು ಹೆಚ್ಚಾಗುತ್ತವೆ, ನಿಜ. ಆದರೆ ಇಂಥ ಮೂರು ನಾಲ್ಕು ಚಿಕ್ಕ ಫಂಕ್ಷನ್‌ಗಳನ್ನು ಒಮ್ಮೆ ಬರೆದಿಟ್ಟರೆ ಮುಂದೆ ಯಾವ ಫೈಲ್ ಮಾದರಿಗೂ ಅವೇ ಸಾಕು.

ಎರಡು ಎಚ್ಚರಿಕೆಗಳು ಇಲ್ಲಿ ಬೇಕು. ಅರೇ ಅನ್‌ಸೈನ್ಡ್ ಚಾರ್ ಟೈಪಿನದೇ ಆಗಿರಬೇಕು. 200 ಮತ್ತು 1 ಎಂಬ ಎರಡು ಬೈಟುಗಳಿಂದ 456 ಬರಬೇಕು. ಚಾರ್‌ಗೆ ಋಣ ಬೆಲೆಯಿರುವ ಕಂಪೈಲರ್‌ನಲ್ಲಿ 200 ಎಂಬುದು -56 ಆಗಿ, ಬಿಟ್ ಆರ್ ಮಾಡಿದ ಮೇಲೂ ಉತ್ತರ -56 ಆಗಿಯೇ ಉಳಿಯುತ್ತದೆ. ಎರಡನೆಯದಾಗಿ, 24 ಬಿಟ್ ಸರಿಸುವ ಮುನ್ನ ಬೈಟನ್ನು ಯುಇಂಟ್32ಕ್ಕೆ ಕಾಸ್ಟ್ ಮಾಡಿಕೊಳ್ಳಿ. ಇಲ್ಲವಾದರೆ ಅದು ಇಂಟ್ ಆಗಿ ಬಡ್ತಿ ಪಡೆದು, 128 ಮತ್ತು ಅದಕ್ಕಿಂತ ದೊಡ್ಡ ಬೈಟುಗಳಿಗೆ ಚಿಹ್ನೆಯ ಬಿಟ್ಟಿನವರೆಗೆ ಸರಿದುಬಿಡುತ್ತದೆ. ಫ್ಲೋಟ್ ಅಥವಾ ಡಬಲ್ ಬೇಕಾದಾಗ ಮೊದಲು ಅದೇ ಗಾತ್ರದ ಪೂರ್ಣಾಂಕವನ್ನು ಕಟ್ಟಿ, ಮೆಮ್‌ಕಾಪಿಯಿಂದ ಬಿಟ್ಟುಗಳನ್ನು ನಕಲಿಸಿ. ಬೈಟ್ ಅರೇಯ ವಿಳಾಸವನ್ನೇ ಡಬಲ್ ಪಾಯಿಂಟರ್ ಆಗಿ ಕಾಸ್ಟ್ ಮಾಡುವ ಅಡ್ಡದಾರಿ, ಆಪ್ಟಿಮೈಸೇಷನ್ ಹೆಚ್ಚಿಸಿದ ದಿನ ಕೈಕೊಡುವ ಸಂಭವವಿದೆ.

ಹಂತ 8: ಇನ್ನುಳಿದ ಜಾಗಗಳು

ಸಿ++ನ ಸ್ಟ್ರಿಂಗ್, ವೆಕ್ಟರ್ ಅಥವಾ ವರ್ಚುವಲ್ ಫಂಕ್ಷನ್ ಉಳ್ಳ ಕ್ಲಾಸಿನ ಆಬ್ಜೆಕ್ಟನ್ನು ಹಾಗೆಹಾಗೇ ಫೈಲಿಗೆ ಬರೆದಿದ್ದರೆ ಅದನ್ನು ಬೇರೆ ಕಂಪೈಲರ್‌ನಲ್ಲಿ ಓದುವ ಯತ್ನವನ್ನೇ ಬಿಡಬೇಕು. ಬರೆಯಲಾದದ್ದು ಪಾಯಿಂಟರ್, ಅದು ತೋರಿಸುತ್ತಿದ್ದ ಅಕ್ಷರಗಳಲ್ಲ. 64 ಬಿಟ್ ವಿಷುವಲ್ ಸಿ++ನಲ್ಲಿ ಸ್ಟ್ರಿಂಗ್ ಆಬ್ಜೆಕ್ಟಿನ ಗಾತ್ರ ರಿಲೀಸ್ ಬಿಲ್ಡ್‌ನಲ್ಲಿ 32, ಡೀಬಗ್ ಬಿಲ್ಡ್‌ನಲ್ಲಿ 40 ಎಂದಮೇಲೆ ಒಂದೇ ಕಂಪೈಲರ್‌ನ ಎರಡು ಬಿಲ್ಡ್‌ಗಳೇ ಪರಸ್ಪರ ಹೊಂದುವುದಿಲ್ಲ. ಉದ್ದವನ್ನು ನಿಗದಿತ ಗಾತ್ರದ ಪೂರ್ಣಾಂಕವಾಗಿ ಬರೆದು, ಅದರ ನಂತರ ಅಕ್ಷರಗಳನ್ನು ಬರೆಯುವುದು ರೂಢಿಯ ಮಾರ್ಗ. ಓದುವಾಗ ಆ ಉದ್ದ ಫೈಲಿನಲ್ಲಿ ಉಳಿದಿರುವ ಬೈಟುಗಳಿಗಿಂತ ಹೆಚ್ಚಿಲ್ಲವೆಂದು ನೋಡಿಕೊಂಡು ಮೆಮೊರಿ ಕೇಳಬೇಕು.

ಎರಡು ಗಿಗಾಬೈಟ್ ದಾಟಿದ ಫೈಲು ವಿಂಡೋಸ್‌ನಲ್ಲಿ ಮಾತ್ರ ತಪ್ಪಿದರೆ ಕಾರಣ ಎಫ್‌ಸೀಕ್ ಮತ್ತು ಎಫ್‌ಟೆಲ್‌ಗಳಲ್ಲಿರುವ ಲಾಂಗ್. ಅಲ್ಲಿ ಅದರ ಮಿತಿ 2147483647. ವಿಷುವಲ್ ಸಿ++ನಲ್ಲಿ ಇವುಗಳ 64 ಬಿಟ್ ರೂಪಗಳಿವೆ. ಪೋಸಿಕ್ಸ್‌ನಲ್ಲಿ ಎಫ್‌ಸೀಕ್‌ಓ ಇದೆ.

ಫೈಲನ್ನು ಫೋರ್ಟ್ರಾನ್ ಪ್ರೋಗ್ರಾಂ ಬರೆದಿದ್ದರೆ ಇನ್ನೊಂದು ವಿಶೇಷವಿದೆ. ಅನ್‌ಫಾರ್ಮ್ಯಾಟೆಡ್ ಸೀಕ್ವೆನ್ಷಿಯಲ್ ಫೈಲಿನಲ್ಲಿ ಕಂಪೈಲರ್‌ಗಳು ಸಾಮಾನ್ಯವಾಗಿ ಪ್ರತಿ ದಾಖಲೆಯ ಹಿಂದೆಯೂ ಮುಂದೆಯೂ ಅದರ ಉದ್ದವನ್ನು 4 ಬೈಟಿನಲ್ಲಿ ಬರೆಯುತ್ತವೆ. ಸಿ ಪ್ರೋಗ್ರಾಂ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಪ್ರತಿ ದಾಖಲೆಗೆ 8 ಬೈಟ್ ಜರುಗುತ್ತದೆ. ಬರೆಯುವ ಕೋಡ್ ನಿಮ್ಮ ಕೈಯಲ್ಲಿದ್ದರೆ ಫೋರ್ಟ್ರಾನ್ 2003ರ ಸ್ಟ್ರೀಮ್ ಆಕ್ಸೆಸ್ ಬಳಸಿ ಈ ಗುರುತುಗಳಿಲ್ಲದ ಫೈಲನ್ನು ಪಡೆಯಬಹುದು.

ತಿದ್ದುಪಡಿ ಮುಗಿದ ಮೇಲೆ ಪರೀಕ್ಷೆಗೆಂದೇ ಒಂದು ಚಿಕ್ಕ ಫೈಲನ್ನು ಹೆಕ್ಸ್ ಎಡಿಟರ್‌ನಲ್ಲಿ ಕೈಯಿಂದಲೇ ಕಟ್ಟಿ. ಅದರಲ್ಲಿ 26, 13 ಮತ್ತು 10ರ ಜೋಡಿ, 255, 200ರಂಥ ದೊಡ್ಡ ಬೈಟುಗಳು, ತಿರುವಿದರೆ ಬೇರೆಯಾಗುವ ಒಂದು 4 ಬೈಟಿನ ಸಂಖ್ಯೆ, ಒಂದು ಋಣ ಸಂಖ್ಯೆ ಮತ್ತು ಒಂದು ಡಬಲ್ ಇರಲಿ. ನೀವು ಬಳಸುವ ಪ್ರತಿ ಕಂಪೈಲರ್‌ನಲ್ಲಿಯೂ, ಡೀಬಗ್ ಮತ್ತು ರಿಲೀಸ್ ಎರಡರಲ್ಲಿಯೂ, 32 ಬಿಟ್ ಬಿಲ್ಡ್ ಇದ್ದರೆ ಅದರಲ್ಲಿಯೂ ಈ ಫೈಲನ್ನು ಓದಿಸಿ, ಬಂದ ಬೆಲೆಗಳನ್ನು ಪಠ್ಯವಾಗಿ ಮುದ್ರಿಸಿ ಹೋಲಿಸಿ. ಬಳಿಕ ಅದೇ ಫೈಲಿನ ಕೊನೆಯ ಬೈಟನ್ನು ಕತ್ತರಿಸಿ ಇನ್ನೊಮ್ಮೆ ಓದಿಸಿ. ಎಲ್ಲ ಬಿಲ್ಡ್‌ಗಳೂ ಒಂದೇ ಜಾಗದಲ್ಲಿ, ಒಂದೇ ದೋಷವನ್ನು ಹೇಳಿ ನಿಲ್ಲಬೇಕು.